ಬಾಯಿ ಮುಚ್ಚಿ ಹತ್ತು ಎಣಿಸುವುದು

ನನಗೊಂದು ದುರಭ್ಯಾಸವಿದೆ. ಇಸ್ಪೀಟು, ನಶ್ಯ, ಸಿಗರೇಟು ಇಂಥದ್ದೇನಾದರೂ ಆಗಿದ್ದರೆ ಬಿಡಿಸುವುದಕ್ಕೆ ಡಾಕ್ಟರುಗಳಿದ್ದಾರೆ, ಬುದ್ಧಿ ಹೇಳುವುದಕ್ಕೆ ನೆಂಟರಿದ್ದಾರೆ. ನನ್ನದಕ್ಕೆ ಒಂದು ಹೆಸರೂ ಇಲ್ಲ. ಎದುರಿಗಿರುವವರು ಒಂದು ಮಾತು ಶುರುಮಾಡಿ ನಡುವೆ ಉಸಿರು ತೆಗೆದುಕೊಳ್ಳಲು ನಿಂತರೆ ಸಾಕು, ಮಿಕ್ಕದ್ದನ್ನು ನಾನು ಹೇಳಿ ಮುಗಿಸಿಬಿಡುತ್ತೇನೆ. ಆಟೋದವರು "ಸಾರ್, ಆ ಕಡೆ ರೋಡಲ್ಲಿ…" ಎಂದು ಬಾಯಿ ತೆರೆದರೆ, ರಸ್ತೆ ಅಗೆದಿದ್ದಾರೆ, ಸುತ್ತಿಕೊಂಡು ಹೋಗಬೇಕು, ಆದ್ದರಿಂದ ಸ್ವಲ್ಪ ಮೇಲೆ ಹಾಕಿ ಕೊಡಬೇಕು ಎಂದು ಅವರ ಪರವಾಗಿ ನಾನೇ ವಾದ ಮಂಡಿಸಿ, ನಾನೇ ಒಪ್ಪಿಕೊಂಡು, ಹತ್ತಿ ಕೂರುತ್ತೇನೆ. ತಿಥಿ ಮಾಡಿಸುವ ಪುರೋಹಿತರು ಸಂಕಲ್ಪದಲ್ಲಿ ಸಂವತ್ಸರದ ಹೆಸರು ನೆನಪಾಗದೆ ಒಂದು ಕ್ಷಣ ಸೂರು ನೋಡಿದರೂ ನನಗೆ ತಡೆಯುವುದಿಲ್ಲ. ಥಟ್ಟನೆ ಹೆಸರು ಎತ್ತಿಕೊಡುತ್ತೇನೆ. ಒಮ್ಮೆ ಅವಸರದಲ್ಲಿ ಹಿಂದಿನ ವರ್ಷದ ಹೆಸರು ಕೊಟ್ಟೆ. ಅವರೂ ನಂಬಿ ಹೇಳಿಬಿಟ್ಟರು. ನಮ್ಮ ಪಿತೃಗಳು ಅದೇ ವರ್ಷದ ಊಟವನ್ನು ಎರಡು ಸಲ ಉಂಡು, ಯಾಕೆಂದು ಕೇಳದೆ ಎದ್ದು ಹೋದರು.

ಈ ಅಭ್ಯಾಸದ ಪೂರಾ ಹೊಡೆತ ತಿಂದವಳು ನನ್ನ ಹೆಂಡತಿ ಪದ್ಮಾ. ಮದುವೆಯಾಗಿ ಮೂವತ್ತನಾಲ್ಕು ವರ್ಷಗಳಾದವು. ಮೊದಲ ಹತ್ತು ವರ್ಷ ಅವಳು ಜಗಳವಾಡಿ ನೋಡಿದಳು. ಜಗಳದ ಮಾತನ್ನೂ ನಾನೇ ಮುಗಿಸಿಕೊಡುತ್ತಿದ್ದೆನಾದ್ದರಿಂದ ಅದರಲ್ಲಿ ಅವಳಿಗೆ ಸ್ವಾರಸ್ಯ ಉಳಿಯಲಿಲ್ಲ. ಆಮೇಲೆ ಅರ್ಧ ಮಾತು ಹೇಳಿ ಬಿಟ್ಟುಬಿಡುವುದನ್ನು ಕಲಿತಳು. "ಗ್ಯಾಸಿನವನು ಇವತ್ತು…" ಎನ್ನುತ್ತಾಳೆ, ಒಳಗೆ ಹೋಗುತ್ತಾಳೆ. ಮಿಕ್ಕದ್ದು ನನ್ನ ಜವಾಬ್ದಾರಿ. ಅವಳ ತವರಿನವರು ನಾವಿಬ್ಬರೂ ಎಷ್ಟು ಅನ್ಯೋನ್ಯವಾಗಿದ್ದೇವೆ, ಅರ್ಧ ಮಾತಿನಲ್ಲಿ ಒಬ್ಬರಿಗೊಬ್ಬರು ತಿಳಿದುಕೊಳ್ಳುತ್ತೇವೆ ಎಂದು ಹೊಗಳುತ್ತಾರೆ. ಪದ್ಮಾ ಏನೋ ಹೇಳಲು ಬಾಯಿ ತೆರೆಯುತ್ತಾಳೆ, ನಾನು "ಹೌದು, ನಮ್ಮ ಪುಣ್ಯ" ಎಂದು ಮುಗಿಸುತ್ತೇನೆ.

ಇದು ಹೇಗೆ ಅಂಟಿಕೊಂಡಿತು ಎಂದರೆ ನಮ್ಮ ತಂದೆಯ ವಿಷಯ ಹೇಳಬೇಕಾಗುತ್ತದೆ. ಅವರು ಚಿಂತಾಮಣಿ ಕಡೆಯವರು. ಗಿಂಡಿ ಎಂಬ ಬಡಾವಣೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಕೆಲಸ ಸಿಕ್ಕಿತೆಂದು ಮದರಾಸಿಗೆ ಬಂದು, ವೆಸ್ಟ್ ಮಾಂಬಲಂನ ಒಂದು ಸಂದಿಯಲ್ಲಿ ಮನೆ ಮಾಡಿದರು. ಆ ಸಂದಿಯಲ್ಲೇ ನಾನು ಹುಟ್ಟಿದ್ದು, ಅದರ ಪಕ್ಕದ ಸಂದಿಯ ಫ್ಲ್ಯಾಟಿನಲ್ಲೇ ಈಗ ಇರುವುದು. ಕನ್ನಡ, ತೆಲುಗು ಎರಡನ್ನೂ ಲೀಲಾಜಾಲವಾಗಿ ಆಡುತ್ತಿದ್ದ ಅಪ್ಪನಿಗೆ ತಮಿಳು ಮಾತ್ರ ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ. ಇಲ್ಲಿಯ ಜನ ಮಾತಿಗೆ ಪೀಠಿಕೆಯಾಗಿ ಹಾಕುವ "ನಾನ್ ವಂದು" ಎಂಬ ಎರಡು ಪದಗಳನ್ನು ಹೇಗೋ ಕಲಿತುಕೊಂಡಿದ್ದರು. ನಾನು ಏನೆಂದರೆ, ಎಂದ ಹಾಗೆ. ಅಂಗಡಿಯವನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಗಂಭೀರವಾಗಿ "ನಾನ್ ವಂದು…" ಎನ್ನುವರು. ಅಲ್ಲಿಗೆ ಅವರ ಸರಕು ಖಾಲಿ. ಕತ್ತು ಬಲಕ್ಕೆ ತಿರುಗಿಸಿ ಕೆಳಗೆ ನೋಡುವರು. ಅಲ್ಲಿ ಚೀಲ ಹಿಡಿದುಕೊಂಡು ಏಳು ವರ್ಷದ ನಾನು ನಿಂತಿರುತ್ತಿದ್ದೆ. ಅವರ ಮುಖ ನೋಡಿದರೆ ಬೇಕಾದದ್ದು ಬೆಲ್ಲವೋ ಬೇಳೆಯೋ ನನಗೆ ಗೊತ್ತಾಗುತ್ತಿತ್ತು. ಸರಾಗವಾಗಿ ತಮಿಳಿನಲ್ಲಿ ಹೇಳುತ್ತಿದ್ದೆ. ಅಪ್ಪ ನನ್ನ ತಲೆಯ ಮೇಲೆ ಒಂದು ಸಲ ಕೈಯಿಡುವರು. ಆ ಕೈಯ ಭಾರ ನನಗೆ ಎಷ್ಟು ಇಷ್ಟವಾಗಿತ್ತೆಂದರೆ, ಅದಕ್ಕಾಗಿ ನಾನು ಊರಿನವರೆಲ್ಲರ ಮಾತನ್ನೂ ಮುಗಿಸಿಕೊಡಲು ಸಿದ್ಧನಾಗಿದ್ದೆ.

ಮುಂದೆ ಅದೇ ಅನ್ನವನ್ನೂ ಕೊಟ್ಟಿತು. ಗಿಂಡಿಯಲ್ಲೇ ಒಂದು ಕಚೇರಿಯಲ್ಲಿ ಸ್ಟೆನೋ ಆಗಿ ಸೇರಿದೆ. ಮ್ಯಾನೇಜರು ಮೊದಲ ಸಾಲು ಹೇಳಿ ಕಿಟಕಿಯಾಚೆ ನೋಡುತ್ತಾ ನಿಂತರೆ, ಅವರು ಮತ್ತೆ ನನ್ನ ಕಡೆ ತಿರುಗುವಷ್ಟರಲ್ಲಿ ನನ್ನ ಪುಸ್ತಕದಲ್ಲಿ "ತಮ್ಮ ವಿಧೇಯ" ಎಂಬಲ್ಲಿಯವರೆಗೆ ಕಾಗದ ಮುಗಿದಿರುತ್ತಿತ್ತು. ಐವರು ಮ್ಯಾನೇಜರುಗಳು ಬದಲಾದರು. ಕಚೇರಿಯಿಂದ ಹೊರಗೆ ಹೋಗುವ ಕಾಗದಗಳ ಧಾಟಿ ಮಾತ್ರ ಮೂವತ್ತೈದು ವರ್ಷ ಒಂದೇ ಆಗಿತ್ತು. ಬೀಳ್ಕೊಡುಗೆಯ ದಿನ ಐದನೆಯವರು ನನ್ನ ಬಗ್ಗೆ ಮಾತಾಡಲು ಎದ್ದು ತಡವರಿಸಿದರು. ನಾನು ಕೂತಲ್ಲಿಂದಲೇ ಒಂದೆರಡು ವಿಶೇಷಣಗಳನ್ನು ಎತ್ತಿಕೊಡಬೇಕಾಯಿತು.

ನಿವೃತ್ತನಾದ ಮೇಲೆ ಮುಗಿಸಲು ಪದ್ಮಾಳ ಮಾತು ಬಿಟ್ಟು ಬೇರೇನೂ ಉಳಿಯಲಿಲ್ಲ. ಮೂರು ತಿಂಗಳು ಸಹಿಸಿಕೊಂಡ ಅವಳು ಒಂದು ದಿನ ಮೇಲಿನ ಮನೆಯ ಕೃತಿಕಾಳನ್ನು ಕರೆದು ಕೂರಿಸಿ ಕಾಫಿ ಕೊಟ್ಟಳು. ಕೃತಿಕಾ ಇನ್ನೂ ಮೂವತ್ತು ದಾಟದ ಹುಡುಗಿ. ಆಫೀಸಿನ ಕೆಲಸದ ಜೊತೆಗೆ ಒಂದು ಸಣ್ಣ ಗುಂಪು ಕಟ್ಟಿಕೊಂಡು, ಓದಲು ಕಷ್ಟಪಡುವ ಸರ್ಕಾರಿ ಶಾಲೆಯ ಮಕ್ಕಳಿಗೆ ದೊಡ್ಡವರನ್ನು ಜೊತೆ ಮಾಡಿಕೊಡುತ್ತಾಳೆ. ಒಂದು ಮಗುವಿಗೆ ಒಬ್ಬರು. ವಾರಕ್ಕೆ ಎರಡು ದಿನ, ದಿನಕ್ಕೆ ಅರ್ಧ ಗಂಟೆ, ಪಕ್ಕದಲ್ಲಿ ಕೂತು ಮಗು ಓದುವುದನ್ನು ಕೇಳಬೇಕು. ಪಾಠ ಮಾಡುವ ಹಾಗಿಲ್ಲ, ಬೈಯುವ ಹಾಗಿಲ್ಲ, ಸಂಬಳವಿಲ್ಲ. ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ತಮಿಳೇ ಓದಿದವನು ನಾನು, ಪುಸ್ತಕದ ಭಯವಿರಲಿಲ್ಲ. ಒಪ್ಪಿಕೊಂಡೆ. ಅದಕ್ಕೆ ಮೊದಲು ಒಂದು ಶನಿವಾರ ಬೆಳಿಗ್ಗೆ ತರಬೇತಿ. ಹತ್ತು ಹನ್ನೆರಡು ಮಂದಿ ನಿವೃತ್ತರು ಗೋಡೆಗೆ ಒರಗಿ ಕೂತಿದ್ದೆವು. ಕೃತಿಕಾ ಬೋರ್ಡಿನ ಮುಂದೆ ನಿಂತು, ಮುಖ್ಯವಾದ ನಿಯಮ ಒಂದೇ, ಮಗು ಓದುತ್ತಾ ಓದುತ್ತಾ ಒಂದು ಪದದ ಹತ್ತಿರ ನಿಂತರೆ, ಎಂದು ಹೇಳಿ ಉಸಿರು ತೆಗೆದುಕೊಂಡಳು. "ತಕ್ಷಣ ಹೇಳಿಕೊಡಬೇಕು" ಎಂದೆ ನಾನು. "ಹೇಳಿಕೊಡಬಾರದು ಅಂಕಲ್" ಎಂದಳು ಕೃತಿಕಾ.

ಮನಸ್ಸಿನಲ್ಲಿ ಹತ್ತು ಎಣಿಸಬೇಕಂತೆ. ಆ ಹತ್ತರೊಳಗೆ ಮಗು ಅಕ್ಷರಗಳ ಜೊತೆ ಗುದ್ದಾಡುತ್ತದಂತೆ, ತಪ್ಪು ಹೇಳುತ್ತದಂತೆ, ಮತ್ತೆ ನೋಡುತ್ತದಂತೆ. ಓದು ಹುಟ್ಟುವುದೇ ಆ ಜಾಗದಲ್ಲಂತೆ. ಹತ್ತಾದರೂ ಆಗದಿದ್ದರೆ ಮಾತ್ರ ನಾವು ಬಾಯಿ ಬಿಡಬೇಕು. ಕೇಳಿದಾಗ ಸುಲಭವೆನಿಸಿತು. ಮನೆಗೆ ಬಂದು ಪದ್ಮಾಳಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನೇ ನೋಡಿ, ಹತ್ತಾ, ಎಂದಳು. ಆಮೇಲೆ ತುಂಬ ಹೊತ್ತು ನಕ್ಕಳು.

ನನ್ನ ಪಾಲಿಗೆ ಬಂದವಳು ಮಲರ್. ಒಂಬತ್ತು ವರ್ಷ, ನಾಲ್ಕನೆಯ ತರಗತಿ, ಎರಡು ಜಡೆ ಮಡಿಸಿ ಕಟ್ಟಿದ ರಿಬ್ಬನ್ನು, ಮಾಂಬಲಂ ಸ್ಟೇಷನ್ನಿನ ಮೈಕಿಗಿಂತ ದೊಡ್ಡ ಗಂಟಲು. ಶಾಲೆಯ ಊಟದ ಹಾಲಿನ ಮೂಲೆಯಲ್ಲಿ ಒಂದು ಬೆಂಚು ನಮಗೆ. ಮೊದಲ ದಿನ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅವಳು ಕೇಳಿದಳು: "ತಾತಾ, ನಿಮಗೂ ಓದೋಕೆ ಬರಲ್ವಾ? ಅದಕ್ಕೇ ಇಲ್ಲಿ ಕಳಿಸಿದ್ದಾರಾ?" ಅವಳು ಹೇಳಿದ್ದು ತಮಿಳಿನಲ್ಲಿ. ಇಲ್ಲಿ ಅವಳ ಮಾತನ್ನೆಲ್ಲ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳ ಮಾತಿಗೂ ಕೈ ಹಾಕಿದನಲ್ಲ ಎಂದು ನೀವು ಅಂದರೆ ತಪ್ಪೊಪ್ಪಿಕೊಳ್ಳುತ್ತೇನೆ.

ಬುದ್ಧಿಗೇನೂ ಕಮ್ಮಿಯಿಲ್ಲದ ಹುಡುಗಿ. ಬೀದಿಯ ಪ್ರತಿ ನಾಯಿಯ ಸ್ವಭಾವವನ್ನೂ ಬಿಡಿಸಿ ಹೇಳುವಳು, ಹೆಡ್‌ಮಿಸ್ಸು ನಡೆಯುವ ಹಾಗೆ ನಡೆದು ತೋರಿಸುವಳು. ಪುಸ್ತಕ ತೆರೆದರೆ ಮಾತ್ರ ಆ ದೊಡ್ಡ ಗಂಟಲು ಇದ್ದಕ್ಕಿದ್ದಂತೆ ಎಲ್ಲಿಗೋ ಹೋಗುತ್ತಿತ್ತು. ಅಕ್ಷರ ಗೊತ್ತು, ಕೂಡಿಸಲು ಬರುತ್ತಿರಲಿಲ್ಲ. ಮೂರಕ್ಷರ ದಾಟಿದ ಪದ ಬಂದರೆ ಬೆರಳು ಅಲ್ಲೇ ನಿಂತುಬಿಡುವುದು. ಇದರ ಹಿಂದೆ ಅವಳಿಗೊಂದು ದೊಡ್ಡ ಸಂಕಟವಿತ್ತು. ಟರ್ಮಿನ ಕೊನೆಯಲ್ಲಿ ಎಲ್ಲ ಮಕ್ಕಳೂ ಎಲ್ಲರೆದುರಿಗೆ ಒಂದು ಪುಟ ಓದಬೇಕು. ಓದಲಾರದವರು ಮುಂದಿನ ಟರ್ಮಿನಿಂದ ಓದಿನ ಪೀರಿಯಡ್ಡಿನಲ್ಲಿ ಎರಡನೆಯ ತರಗತಿಯವರ ಜೊತೆ ಹೋಗಿ ಕೂರಬೇಕು ಎಂದು ಟೀಚರು ಹೇಳಿದ್ದರು. ಅವರು ಒಳ್ಳೆಯದಕ್ಕೇ ಹೇಳಿರಬೇಕು. ಆದರೆ ಎರಡನೆಯ ತರಗತಿಯಲ್ಲಿ ಮಲರಳ ತಂಗಿ ಕಯಲ್ ಇದ್ದಳು. ಕಯಲ್ ಕೈಗೆ ಸಿಕ್ಕ ಬೋರ್ಡು, ಪೊಟ್ಟಣ, ಬಸ್ಸಿನ ಹಿಂಭಾಗ ಎಲ್ಲವನ್ನೂ ಪಟಪಟ ಓದುವ ಪಿಶಾಚಿ. ಅವಳ ಪಕ್ಕದಲ್ಲಿ ಕೂರುವುದಕ್ಕಿಂತ ಶಾಲೆಯನ್ನೇ ಬಿಟ್ಟು, ಅಮ್ಮನ ಜೊತೆ ಕ್ರೋಂಪೇಟೆಗೆ ರೈಲಿನಲ್ಲಿ ಹೋಗಿ ತಾನೂ ಚರ್ಮದ ಚೀಲ ಹೊಲಿಯುತ್ತೇನೆ ಎಂದು ಮಲರ್ ನನಗೆ ತಿಳಿಸಿದಳು. ಅಳದೆ, ಯೋಚಿಸಿ ತೀರ್ಮಾನಿಸಿದವಳ ಹಾಗೆ ಹೇಳಿದಳು. ಈ ಹುಡುಗಿ ತಂಗಿಯ ಪಕ್ಕ ಕೂರಬಾರದು ಎಂದು ನಾನು ಅವತ್ತೇ ಪಣ ತೊಟ್ಟೆ.

ಮತ್ತೆ ನೋಡಿ ನಮ್ಮ ಓಟವನ್ನು. ಎರಡು ತಿಂಗಳಲ್ಲಿ ಆರು ಪುಸ್ತಕ ಮುಗಿಸಿದೆವು. ನಿಯಮವನ್ನು ನಾನು ಮೀರಲಿಲ್ಲ. ಅವಳು ನಿಂತಾಗಲೆಲ್ಲ ಬಾಯಿ ಬಿಡದೆ ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಒಂದು, ಎರಡು, ಹತ್ತು, ಎಂದು ಸ್ವಲ್ಪ ಚುರುಕಾಗಿ ಎಣಿಸುತ್ತಿದ್ದೆ ಎನ್ನುವುದು ಬೇರೆ ಮಾತು. ಹತ್ತಾಗುವಷ್ಟರಲ್ಲಿ ಅವಳೇ ಪದವನ್ನು ಹೇಳಿಬಿಡುತ್ತಿದ್ದಳು. ಕಷ್ಟದ ಪದ ಬಂದಾಗಲೆಲ್ಲ ತಲೆಯೆತ್ತಿ ನನ್ನ ಮುಖವನ್ನು ಭಕ್ತಿಯಿಂದ ನೋಡುವಳು, ನೋಡಿ ಹೇಳುವಳು. ಆ ನೋಟದಿಂದ ನಾನು ಕರಗಿಹೋಗುತ್ತಿದ್ದೆ. ನನ್ನ ಸಾನ್ನಿಧ್ಯದಲ್ಲೇ ಏನೋ ಇದೆ ಎಂದುಕೊಂಡೆ. ಬೆಳಗಿನ ವಾಕಿಂಗಿನಲ್ಲಿ ಸ್ನೇಹಿತರಿಗೆ ಮಕ್ಕಳ ಮನಶ್ಶಾಸ್ತ್ರದ ಮೇಲೆ ಉಪನ್ಯಾಸ ಕೊಡತೊಡಗಿದೆ. ಕೃತಿಕಾಳಿಗೂ ಒಂದಿಷ್ಟು ಸಲಹೆ ಕೊಟ್ಟೆ. ಅವಳು ಕೇಳದಿದ್ದರೂ ಕೊಟ್ಟೆ.

ಅಷ್ಟರಲ್ಲಿ ನನಗೆ ನೆಗಡಿಯಾಯಿತು. ಮಗುವಿಗೆ ಅಂಟಿಸಬಾರದಲ್ಲ ಎಂದು ಬೀರುವಿನಿಂದ ಹಳೆಯ ಮಾಸ್ಕ್ ಒಂದನ್ನು ಹುಡುಕಿ ಕಟ್ಟಿಕೊಂಡು ಶಾಲೆಗೆ ಹೋದೆ. ಏಳನೆಯ ಪುಸ್ತಕ ತೆರೆದೆವು. ಮಲರ್ ಎರಡು ಪದ ಓದಿದಳು, ಮೂರನೆಯದರ ಹತ್ತಿರ ನಿಂತಳು, ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಎಣಿಸಿದೆ. ಅವಳು ಕತ್ತನ್ನು ಆ ಕಡೆ ಈ ಕಡೆ ಬಗ್ಗಿಸಿ, ಕಣ್ಣು ಕಿರಿದು ಮಾಡಿ ಮತ್ತೆ ನನ್ನನ್ನೇ ನೋಡಿದಳು. ಆಮೇಲೆ ಬೇಸರದಿಂದ ಹೇಳಿದಳು: "ತಾತಾ, ಆ ಮಾಸ್ಕ್ ತೆಗೀರಿ. ಅಕ್ಷರ ಕಾಣಿಸ್ತಿಲ್ಲ."

ನನಗೆ ಅರ್ಥವಾಗಲು ಹತ್ತಲ್ಲ, ಇಪ್ಪತ್ತು ಎಣಿಸುವಷ್ಟು ಹೊತ್ತು ಹಿಡಿಯಿತು. ಇಷ್ಟು ದಿನ ನೀನು ಓದಿದ್ದು ಹೇಗೆ ಎಂದು ಕೇಳಿದೆ. ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಕಷ್ಟದ ಪದ ಬಂದಾಗಲೆಲ್ಲ ನನ್ನ ತುಟಿ ತಾನಾಗಿ ಅದನ್ನು ಹೇಳುತ್ತಿತ್ತಂತೆ, ಒಂದೊಂದು ಸಲ ಮೆಲ್ಲನೆ ಸದ್ದೂ ಬರುತ್ತಿತ್ತಂತೆ. ನಾನು ಹೇಳಿದ್ದನ್ನೇ ಅವಳು ಜೋರಾಗಿ ಹೇಳುತ್ತಿದ್ದಳಂತೆ. ಅದು ತಪ್ಪಾ, ಎಂದು ಕೇಳಿದಳು. ತಪ್ಪಲ್ಲ ಮಗೂ, ಎಂದೆ. ಆರು ಪುಸ್ತಕವನ್ನೂ ಓದಿದವನು ನಾನು. ಅವಳು ಓದಿದ್ದು ನನ್ನ ಬಾಯನ್ನು. ಮನೆಗೆ ಬರುವಾಗ ದಾರಿಯುದ್ದಕ್ಕೂ ಮಾಸ್ಕ್ ತೆಗೆಯಲಿಲ್ಲ. ನೆಗಡಿಗೆ ಅಲ್ಲ, ವಾಕಿಂಗಿನ ಸ್ನೇಹಿತರು ಎದುರಿಗೆ ಸಿಕ್ಕಿ ಮನಶ್ಶಾಸ್ತ್ರ ಕೇಳಿಬಿಟ್ಟಾರೆಂದು.

ಪದ್ಮಾಳಿಗೆ ಹೇಳಿಕೊಂಡೆ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ಒಗೆದ ಬಟ್ಟೆ ಮಡಿಸುತ್ತಾ, "ಮಾವನೂ ನಿಮ್ ಮುಖ ನೋಡ್ಕೊಂಡೇ ಅಲ್ವಾರೀ ಮಾತಾಡ್ತಿದ್ದದ್ದು" ಎಂದಳು. ಅದೊಂದು ವಾಕ್ಯವನ್ನು ಮಾತ್ರ ಪೂರ್ತಿ ಮುಗಿಸಿಯೇ ಒಳಗೆ ಹೋದಳು.

ನನಗೆ ಒಂದು ಹಳೆಯ ವಿಷಯ ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ತರಬೇತಿಗೆಂದು ತಿರುಚ್ಚಿಗೆ ಒಂದು ತಿಂಗಳು ಹೋಗಿದ್ದೆ. ವಾಪಸು ಬಂದಾಗ ಅಪ್ಪನ ಕೂದಲು ಕಿವಿಯ ಮೇಲೆ ಬಿದ್ದಿತ್ತು. ಸೆಲೂನಿಗೆ ಹೋಗಲಿಲ್ಲವೇ ಎಂದು ಕೇಳಿದರೆ, ನೀನು ಬರಲಿ ಎಂದು ಇದ್ದೆ, ಎಂದರು. ಮದರಾಸಿಗೆ ಬಂದು ಇಪ್ಪತ್ತೈದು ವರ್ಷ ದಾಟಿದ ಮನುಷ್ಯ, ಮೂಲೆಯ ಸೆಲೂನಿನವನಿಗೆ ಸ್ವಲ್ಪ ಸಣ್ಣಗೆ ಕತ್ತರಿಸಪ್ಪ ಎಂದು ಹೇಳಲು ಮಗನಿಗಾಗಿ ಒಂದು ತಿಂಗಳು ಕಾದಿದ್ದರು. ಆಗ ನಾನು ಉಬ್ಬಿಹೋಗಿದ್ದೆ. ಅದು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೇ, ಅದರಲ್ಲಿ ಸುಳ್ಳಿಲ್ಲ. ಆದರೆ ನಾನು ಬೆಲ್ಲ ಬೇಳೆಗಳ ಹೆಸರು ಹೇಳುವ ಮೊದಲು ಯಾವತ್ತಾದರೂ ಒಂದು ದಿನ ಹತ್ತು ಎಣಿಸಿದ್ದರೆ, ಅಪ್ಪ ತಡವರಿಸಿಯಾದರೂ, ತಪ್ಪಾಗಿಯಾದರೂ ಆ ಪದವನ್ನು ತಾವೇ ಹೇಳುತ್ತಿದ್ದರೋ ಏನೋ. ಅಂಗಡಿಯವನು ನಕ್ಕಿದ್ದರೆ ಅವರೂ ನಗುತ್ತಿದ್ದರೋ ಏನೋ. ಸಾಯುವ ತನಕ ಅವರ ತಮಿಳು "ನಾನ್ ವಂದು" ಎಂಬಲ್ಲೇ ನಿಂತಿತ್ತು, ನಾನು ಬಲಗಡೆ ನಿಂತೇ ಇದ್ದೆ. ನನ್ನ ತಲೆಯ ಮೇಲೆ ಬೀಳುತ್ತಿದ್ದ ಆ ಕೈಗಾಗಿ ಎಷ್ಟು ವರ್ಷ ಅವರ ಮಾತನ್ನು ನುಂಗಿಬಿಟ್ಟೆ ಎಂದು ಯೋಚಿಸಿ ನನಗೆ ಅಳು ಬಂತು. ನೆಗಡಿ ಇದ್ದದ್ದು ಅನುಕೂಲವಾಯಿತು.

ಎಲ್ಲರೆದುರಿಗೆ ಓದುವ ದಿನಕ್ಕೆ ಇನ್ನು ಆರು ವಾರ. ಮುಂದಿನ ಮಂಗಳವಾರ ಜೇಬಿನಲ್ಲಿ ಕಲ್ಲುಸಕ್ಕರೆ ಹಾಕಿಕೊಂಡು ಹೋದೆ. ದೊಡ್ಡದೊಂದು ಗಟ್ಟಿಯನ್ನು ಬಾಯಿಗೆ ಇಟ್ಟುಕೊಂಡರೆ ತುಟಿ ಅಲುಗುವುದಿಲ್ಲ ಎಂಬುದು ನನ್ನ ಸಂಶೋಧನೆ. ಮಲರ್ ತನಗೂ ಬೇಕೆಂದಳು. ಕೊಟ್ಟೆ. ಅರ್ಧ ಗಂಟೆ ಇಬ್ಬರೂ ಬಾಯಿ ತುಂಬಿಕೊಂಡು ಮೂಕರಂತೆ ಪುಸ್ತಕ ನೋಡುತ್ತಾ ಕೂತಿದ್ದೆವು. ಒಂದು ಪದವೂ ಸಾಗಲಿಲ್ಲ. ಗುರುವಾರ ಕಲ್ಲುಸಕ್ಕರೆ ಬಿಟ್ಟು, ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಕೂತೆ. ಅವಳಿಗೆ ಸಿಟ್ಟು ಬಂತು. ನಾನು ಏನು ತಪ್ಪು ಮಾಡಿದೆ ಎಂದು ನೀವು ಮಾತಾಡುತ್ತಿಲ್ಲ, ಎಂದು ಕೇಳಿ ಪುಸ್ತಕ ಮುಚ್ಚಿಟ್ಟಳು. ತಪ್ಪು ಮಾಡಿದವನು ನಾನು, ನನಗೆ ಸುಮ್ಮನಿರಲು ಬರುವುದಿಲ್ಲ, ನಾನೂ ನಿನ್ನ ಹಾಗೆ ಕಲಿಯುತ್ತಿದ್ದೇನೆ ಎಂದೆ. ಅದು ಅವಳಿಗೆ ಬಹಳ ಹಿಡಿಸಿತು. ಹತ್ತರ ನಿಯಮವನ್ನೂ ವಿವರಿಸಿದೆ. ಅವಳು ಸ್ವಲ್ಪ ಯೋಚಿಸಿ, ಮನಸ್ಸಿನಲ್ಲಿ ಎಣಿಸಿದರೆ ನೀವು ಮೋಸ ಮಾಡುತ್ತೀರಿ, ಎರಡೂ ಕೈಯನ್ನು ಬೆಂಚಿನ ಮೇಲೆ ಇಟ್ಟು ಒಂದೊಂದೇ ಬೆರಳು ಮಡಿಸಿ, ನಾನು ನೋಡುತ್ತಿರುತ್ತೇನೆ, ಎಂದು ಕಟ್ಟಪ್ಪಣೆ ಮಾಡಿದಳು.

ಅಲ್ಲಿಂದ ಶುರುವಾಯಿತು ನನ್ನ ತಪಸ್ಸು. ಒಂದೊಂದು ಬೆರಳು ಮಡಿಸುವುದಕ್ಕೂ ಒಂದೊಂದು ಯುಗ. ಬೇಗ ಮಡಿಸಿದರೆ ಮಲರ್ ಹಿಡಿದು ಬಿಚ್ಚುವಳು. ಒಂದು ದಿನ ಕೆರೆಯ ಚಿತ್ರವಿದ್ದ ಪುಟ ಬಂತು. ನೀರಿನ ಮೇಲೆ ಒಂದು ದಪ್ಪ ಮೂತಿ, ಕೆಳಗೆ ದೊಡ್ಡ ಪದ. ಅವಳು ಚಿತ್ರ ನೋಡಿ ಎಮ್ಮೆ ಎಂದಳು. ನಾನು ಬೆರಳು ಮಡಿಸಿದೆ. "ನೀ… ನೀರ್…" ಎಂದು ಅಕ್ಷರ ಹಿಡಿದಳು, ಬಿಟ್ಟಳು. ನಾಲ್ಕು, ಐದು. ನನ್ನೊಳಗೆ ನೀರಾನೆ ಹೊರಗೆ ಬರಲು ಒದ್ದಾಡುತ್ತಿತ್ತು. ಎಂಟನೆಯ ಬೆರಳಿಗೆ ಅವಳು ಮೆಲ್ಲಗೆ "ನೀರ್‌ಯಾನೈ" ಎಂದಳು. ಹೇಳಿ, ಅನುಮಾನದಿಂದ ನನ್ನನ್ನು ನೋಡಿ, ಹೇಳಿಕೊಟ್ಟಿರಾ ಎಂದು ಕೇಳಿದಳು. ಇಲ್ಲ ಎಂದೆ. ನಾನೇನಾ ಎಂದಳು. ನೀನೇ ಎಂದೆ. ಊಟದ ಹಾಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಆಯಾಗಳಿಬ್ಬರಿಗೂ ಕೇಳಿಸುವಂತೆ ಅವಳು ಆ ಪದವನ್ನು ಇನ್ನೂ ನಾಲ್ಕು ಸಲ ಓದಿದಳು. ಆ ದಿನ ನಾವು ಮುಗಿಸಿದ್ದು ಒಂದೂವರೆ ಪುಟ. ಅಷ್ಟು ಸಂತೋಷ ನನಗೆ ನನ್ನ ಮೊದಲ ಸಂಬಳದ ದಿನವೂ ಆಗಿರಲಿಲ್ಲ.

ಈ ಉಪಾಯವನ್ನು ಮನೆಯಲ್ಲೂ ಪ್ರಯೋಗಿಸಬೇಕೆನಿಸಿತು. ಪದ್ಮಾಳ ಅಕ್ಕ ಮೈಸೂರಿನಲ್ಲಿದ್ದಾರೆ. ವರ್ಷಕ್ಕೊಮ್ಮೆ ಹೋಗುವ ಮೊದಲು ಪದ್ಮಾ, ಈ ಸಲ ಎನ್ನುವುದಕ್ಕೆ ತಮಿಳಿನ ವಾಟಿ ಬೆರೆಸಿ, "ಈ ವಾಟಿ ಮೈಸೂರಿಗೆ…" ಎಂದು ಶುರುಮಾಡುವಳು, ನಾನು "ಹಗಲು ಗಾಡಿಗೇ ಹೋಗೋಣ, ಕಿಟಕಿ ಪಕ್ಕ ನಿನಗೇ" ಎಂದು ಮುಗಿಸುವೆ. ಹೀಗೆ ಎಷ್ಟೋ ವರ್ಷ ನಡೆದಿದೆ. ಈ ಸಲ ಅವಳು "ಈ ವಾಟಿ ಮೈಸೂರಿಗೆ…" ಎಂದಾಗ ನಾನು ಟೇಬಲ್ಲಿನ ಕೆಳಗೆ ಬೆರಳು ಮಡಿಸತೊಡಗಿದೆ. ಅವಳು ಅಭ್ಯಾಸದಂತೆ ಎದ್ದು ಹೊರಟವಳು ತಿರುಗಿ ನೋಡಿದಳು. ಮೈ ಹುಷಾರಿಲ್ಲವೇ ಎಂದು ಹಣೆ ಮುಟ್ಟಿದಳು. ಆಮೇಲೆ ಮತ್ತೆ ಕೂತು, ನಿಧಾನವಾಗಿ, "ಈ ವಾಟಿ ಮೈಸೂರಿಗೆ ನಾನೊಬ್ಬಳೇ ಹೋಗಿ ಬರ್ತೀನಿ" ಎಂದಳು. ಎಷ್ಟು ವರ್ಷದಿಂದ ಆ ವಾಕ್ಯ ಹೊರಗೆ ಬರಲು ಸಾಲಿನಲ್ಲಿ ನಿಂತಿತ್ತೋ ದೇವರಿಗೇ ಗೊತ್ತು. ಹೋದಳು, ಹತ್ತು ದಿನ ಇದ್ದಳು, ಮುಖ ಅರಳಿಸಿಕೊಂಡು ಬಂದಳು.

ಓದುವ ದಿನ ಬಂತು. ಹಾಲಿನಲ್ಲಿ ಜಮಖಾನ ಹಾಸಿ ಮಕ್ಕಳನ್ನು ಕೂರಿಸಿದ್ದರು. ಗೋಡೆಯ ಬದಿಗೆ ತಾಯಂದಿರು. ಮಲರಳ ಅಮ್ಮ ಅರ್ಧ ದಿನ ರಜೆ ಹಾಕಿ ಕ್ರೋಂಪೇಟೆಯಿಂದ ಬಂದಿದ್ದರು. ಕಯಲ್ ಮೊದಲ ಸಾಲಿನಲ್ಲೇ ಕಾಲು ಮಡಿಸಿ ಕೂತಿದ್ದಳು. ನಾನು ಯಾರೂ ಹೇಳದೆಯೇ ಕೊನೆಯ ಕುರ್ಚಿಗೆ ಹೋಗಿ, ಗೋಡೆಯ ಹಣ್ಣುಗಳ ಚಾರ್ಟಿನ ಕಡೆ ಮುಖ ಮಾಡಿ ಕೂತೆ. ನನ್ನ ತುಟಿಯನ್ನು ನಾನೇ ನಂಬುವಂತಿರಲಿಲ್ಲ. ಆದ್ದರಿಂದ ಆ ದಿನ ನಾನು ಕೇಳಿದ್ದೇ ಹೆಚ್ಚು, ಕಂಡದ್ದು ಒಂದು ಹಲಸಿನ ಹಣ್ಣು. ಮಲರಳ ಸರದಿ ಬಂತು. ಮೊದಲ ಸಾಲು ಸಲೀಸಾಗಿ ಹೋಯಿತು. ಎರಡನೆಯದರಲ್ಲಿ ನಿಂತಳು. ನಾನು ತೊಡೆಯ ಮೇಲೆ ಬೆರಳು ಮಡಿಸಿದೆ. ಏಳಕ್ಕೆ ಪದ ಬಂತು. ನಾಲ್ಕನೆಯ ಸಾಲಿನಲ್ಲಿ ಮತ್ತೆ ನಿಂತಳು. ಆರು, ಏಳು, ಎಂಟು. ಬೇರೆ ಯಾರೋ ಪಿಸುಗುಟ್ಟುವ ಸದ್ದು ಕೇಳಿಸಿತು. "ನೀ ಹೇಳಬೇಡ ಕಯಲ್" ಎಂದಳು ಮಲರ್. ಒಂಬತ್ತು. ಹತ್ತನೆಯ ಬೆರಳನ್ನು ಮಡಿಸಲು ನನಗೆ ಮನಸ್ಸು ಬರಲಿಲ್ಲ. ಅರ್ಧಕ್ಕೆ ಹಿಡಿದುಕೊಂಡು ಕೂತೆ. ಅಷ್ಟರಲ್ಲಿ ಅವಳು ಓದಿದಳು. ಒಂದು ಸಾಲು ಹಾರಿಸಿದಳು, ಒಂದು ಪದ ತಪ್ಪು ಹೇಳಿದಳು, ಆದರೆ ಪುಟದ ಕೊನೆಯ ಚುಕ್ಕೆಯವರೆಗೆ ತಾನೇ ನಡೆದುಕೊಂಡು ಹೋದಳು. ಮೊದಲ ಚಪ್ಪಾಳೆ ಕೇಳಿಸಿದ್ದು ಕಯಲ್ ಕೂತಿದ್ದ ಮುಂದಿನ ಸಾಲಿನಿಂದ. ಮಲರ್ ನಾಲ್ಕನೆಯವರ ಜೊತೆಯಲ್ಲೇ ಕೂರಲಿ ಎಂದು ಟೀಚರು ಹೇಳಿದರು. ನಾನು ಹಲಸಿನ ಹಣ್ಣಿನ ಕಡೆ ನೋಡಿ ಕಣ್ಣೊರೆಸಿಕೊಂಡೆ.

ಅಲ್ಲಿಗೆ ಮುಗಿಸಿಬಿಟ್ಟಿದ್ದರೆ ಚೆನ್ನಾಗಿತ್ತು. ಹೆಡ್‌ಮಿಸ್ಸು ನನ್ನನ್ನು ಮುಂದೆ ಕರೆದು, ಎರಡು ಮಾತಾಡಿ ಸಾರ್, ಎಂದರು. ಐವರು ಮ್ಯಾನೇಜರುಗಳ ಭಾಷಣಗಳನ್ನು ಬರೆದವನು ನಾನು, ಎರಡು ಮಾತಿಗೆ ಬರವೇ? ಎದ್ದು ನಿಂತೆ, ಗಂಟಲು ಸರಿಮಾಡಿಕೊಂಡೆ. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. "ನಾನ್ ವಂದು…" ಎಂದೆ.

ಅಷ್ಟೇ. ಮುಂದಕ್ಕೆ ಒಂದು ಪದವಿಲ್ಲ. ತಮಿಳಿನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. ನನಗೇ ತಿಳಿಯದೆ ಕತ್ತು ಬಲಕ್ಕೆ ತಿರುಗಿ ಕೆಳಗೆ ನೋಡಿತು. ಅಲ್ಲಿ ಚೀಲ ಹಿಡಿದವರು ಯಾರೂ ಇರಲಿಲ್ಲ. ಹೆಡ್‌ಮಿಸ್ಸಿಗೆ ಪಾಪ ಎನಿಸಿತೇನೋ, ನನ್ನ ಮಾತನ್ನು ಮುಗಿಸಿಕೊಡಲು ಬಾಯಿ ತೆರೆದರು. ಜಮಖಾನದ ಮೇಲಿನಿಂದ ಆ ದೊಡ್ಡ ಗಂಟಲು ಬಂತು: "ಇರುಂಗ ಮಿಸ್. ತಾತಾ ಯೋಸಿಕ್ಕಿರಾರು." ಇರಿ ಮಿಸ್, ತಾತ ಯೋಚನೆ ಮಾಡ್ತಿದ್ದಾರೆ.

ಹೆಡ್‌ಮಿಸ್ಸು ಬಾಯಿ ಮುಚ್ಚಿದರು. ಮಲರ್ ಎರಡು ಕೈಗಳನ್ನೂ ಮುಂದಕ್ಕೆ ಚಾಚಿ, ನನಗೆ ಕಾಣುವ ಹಾಗೆ, ಸ್ವಲ್ಪವೂ ಅವಸರ ಮಾಡದೆ ಒಂದೊಂದೇ ಬೆರಳು ಮಡಿಸತೊಡಗಿದಳು. ಹತ್ತೂ ಮುಗಿದವು. ಅವಳು ನನ್ನ ಮುಖವನ್ನು ಒಮ್ಮೆ ನೋಡಿ, ಬೆರಳುಗಳನ್ನೆಲ್ಲ ಬಿಚ್ಚಿ, ಮತ್ತೆ ಒಂದರಿಂದ ಶುರುಮಾಡಿದಳು.